ಎರೆ ಮಣ್ಣಿನ ಹಿತ್ತಲಲ್ಲಿ ಪಲ್ಯದ ರಂಗೋಲಿ

ಕೊಪ್ಪಳದಲ್ಲಿ ಮನೆ ಕಟ್ಟಿಸಿದ ವರ್ಷ ನಾನು ಕೈತೋಟ ಶುರು ಮಾಡಿದ್ದು ಶಿವರಾತ್ರಿ ಮುಗಿದ ವಾರ. ಚಳಿ ಹೋಯಿತು, ಇನ್ನು ಗಿಡ ಹಚ್ಚಬಹುದು ಅಂತ ನನ್ನ ಲೆಕ್ಕ. ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ ಹಾಕಿದೆ. ಅಂದಕ್ಕಿರಲಿ ಅಂತ ಒಂದು ಕಡೆ ಹುಲ್ಲುಹಾಸು ಕೂಡ ತಂದು ಹಾಸಿದೆ. ಯುಗಾದಿ ದಿನ ಬೇವಿನ ಹೂ ಕೀಳಲು ಹಿತ್ತಲಿಗೆ ಹೋದರೆ ಹಸಿರಾಗಿ ಉಳಿದಿದ್ದು ಆ ಬೇವಿನ ಮರ ಒಂದೇ.

ಆಮೇಲೆ ಎರಡು ತಪ್ಪು ಗೊತ್ತಾದವು. ಒಂದು, ಕಾಲ ತಪ್ಪಿತ್ತು. ಇನ್ನೊಂದು, ಅಂದ ಎಂದರೆ ಹುಲ್ಲುಹಾಸು, ಕ್ರೋಟನ್ ಗಿಡ ಅಂದುಕೊಂಡಿದ್ದೆ. ನಿಜ ನೋಡಿದರೆ ಬಣ್ಣ ಇರುವುದು ನಮ್ಮ ಅಡುಗೆಮನೆಯ ಗಿಡಗಳಲ್ಲೇ. ಅಗಸಿ ಹೊಲ ಹೂ ಬಿಟ್ಟಾಗ ಬೆಳಗ್ಗೆ ಹೋಗಿ ನೋಡಿದ್ದೀರಾ? ತಿಳಿ ನೀಲಿ. ಗುರೆಳ್ಳು ಹಳದಿ, ಕುಸುಬೆ ಕಿತ್ತಳೆ, ರಾಜಗಿರಿ ಕೆಂಪು, ಮುಳಗಾಯಿ (ಬದನೆ) ಹೂ ನೇರಳೆ. ಪುಂಡಿ ಪಲ್ಯ ಹೂ ಬಿಟ್ಟರಂತೂ ದಾಸವಾಳವೇ. ತೆಳು ಹಳದಿ ಎಸಳು, ನಡುವೆ ಕಡುಗೆಂಪು ಬೊಟ್ಟು. ಅದು ದಾಸವಾಳದ ಕುಟುಂಬದ ಗಿಡವೇ ಅಲ್ವಾ.

ತರಕಾರಿಯನ್ನು ಹೂದೋಟದ ಹಾಗೆ ಗೆರೆ ಎಳೆದು, ಬಣ್ಣ ಹೊಂದಿಸಿ ಬೆಳೆಯುವುದು ಫ್ರಾನ್ಸಿನಲ್ಲಿ ಹಳೆಯ ಪದ್ಧತಿ. ಅಲ್ಲಿನ ವಿಲಾಂಡ್ರಿ ಅರಮನೆಯ ತೋಟ ಇದಕ್ಕೇ ಹೆಸರುವಾಸಿ. ಒಂದೇ ಅಳತೆಯ ಒಂಬತ್ತು ಚೌಕ, ಪ್ರತಿ ಚೌಕದೊಳಗೆ ಬೇರೆ ಬೇರೆ ವಿನ್ಯಾಸ, ಸುತ್ತ ಕತ್ತರಿಸಿ ನಿಲ್ಲಿಸಿದ ಗಿಡ್ಡ ಬೇಲಿ. ಫೋಟೊ ನೋಡಿದರೆ ನಮ್ಮವರಿಗೆ ಮೊದಲು ನೆನಪಾಗುವುದು ರಂಗೋಲಿ. ಆ ಗಿಡಗಳು ನಮ್ಮ ಬಿಸಿಲಿಗೆ ಬಾರವು, ಆದರೆ ಆ ಲೆಕ್ಕ ಬರುತ್ತದೆ.

ದಿನ ಹಿಂದಿನಿಂದ ಎಣಿಸಿ

ನಮ್ಮಲ್ಲಿ ಹೊಸಬರು ಶುರು ಮಾಡಲು ಒಳ್ಳೆಯ ಕಾಲ ದಸರೆ. ಉತ್ತರಿ, ಹಸ್ತ ಮಳೆ ಮುಗಿದು ಭೂಮಿಯಲ್ಲಿ ಹಸಿ ಇರುತ್ತದೆ, ಬಿಸಿಲು ತಗ್ಗುತ್ತಾ ಬರುತ್ತದೆ. ಮುಂದೆ ನಾಲ್ಕು ತಿಂಗಳು ಗಿಡಕ್ಕೂ ಸುಖ, ನಿಮಗೂ ಸುಖ. ಮಿರಗದ ಮಳೆಗೆ, ಅಂದರೆ ಜೂನ್ ಎರಡನೇ, ಮೂರನೇ ವಾರದಲ್ಲೂ ಶುರು ಮಾಡಬಹುದು. ಆದರೆ ಕಳೆ ಜಾಸ್ತಿ, ಮಳೆಯ ನಂಬಿಕೆ ಕಡಿಮೆ. ಮೊದಲ ವರ್ಷ ಅದು ಬೇಡ.

ನಾನು ಎಳ್ಳ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸುತ್ತೇನೆ. ಅವತ್ತು ರೊಟ್ಟಿ ಜೊತೆ ಹಿತ್ತಲಿನ ಮುಳಗಾಯಿ ಎಣ್ಣೆಗಾಯಿ, ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇರಬೇಕು. ಮುಳಗಾಯಿ ಸಸಿ ನಾಟಿಗೆ ಬರಲು 30ರಿಂದ 35 ದಿನ, ನೆಟ್ಟ ಮೇಲೆ ಕಾಯಿಗೆ ಎರಡು ತಿಂಗಳ ಮೇಲೆ. ಹಾಗಾಗಿ ಬೀಜ ಟ್ರೇಗೆ ಬೀಳಬೇಕಾದ್ದು ಸೆಪ್ಟೆಂಬರ್ ಮೊದಲ ವಾರ. ಟೊಮೆಟೊ ಸಸಿಗೆ 25ರಿಂದ 30 ದಿನ ಸಾಕು. ಮೆಣಸಿನಕಾಯಿ ನಿಧಾನ, 40 ದಿನ ಹಿಡಿಯುತ್ತದೆ. ಚೆಂಡು ಹೂವು ದೀಪಾವಳಿಗೆ ಬೇಕೆಂದರೆ ಆಗಸ್ಟಿನಲ್ಲೇ ಬೀಜ ಹಾಕಿ. ಮೆಂತ್ಯ, ರಾಜಗಿರಿ, ಮೂಲಂಗಿ, ಗಜ್ಜರಿ (ಕ್ಯಾರೆಟ್) ಇವಕ್ಕೆ ಸಸಿ ಮಾಡುವುದು ಬೇಡ, ನೇರ ಮಡಿಗೇ ಬಿತ್ತಿ.

ಮಣ್ಣನ್ನು ಶಾವಿಗೆ ಹೊಸೆದು ನೋಡಿ

ಒಂದು ಹಿಡಿ ಮಣ್ಣಿಗೆ ನೀರು ಹಾಕಿ ಕಲಸಿ, ಅಂಗೈಯಲ್ಲಿ ಹೊಸೆಯಿರಿ. ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಬಂದರೆ ಎರೆ, ಅಂದರೆ ಕಪ್ಪು ಜಿಗುಟು ಮಣ್ಣು. ಅರ್ಧಕ್ಕೇ ಪುಡಿಪುಡಿಯಾದರೆ ಮಸಾರಿ, ಅಂದರೆ ಕೆಂಪು ಮಣ್ಣು. ಹೊಸ ಬಡಾವಣೆಯ ಸೈಟು ಆಗಿದ್ದರೆ ಹೊಸೆಯುವ ಮೊದಲು ಒಂದು ಅಡಿ ಅಗೆದು ನೋಡಿ. ಗರಸು, ಸಿಮೆಂಟಿನ ಹೆಂಟೆ, ಟೈಲ್ಸ್ ಚೂರು ಇರುತ್ತವೆ. ಅದನ್ನು ತೆಗೆಯದೆ ಮೇಲೆ ಗೊಬ್ಬರ ಸುರಿದರೆ ದುಡ್ಡು ದಂಡ.

ಈ ಎರಡು ಮಣ್ಣಿಗೆ ಮಡಿ ಮಾಡುವ ರೀತಿ ಉಲ್ಟಾ. ಇದನ್ನು ನನಗೆ ಯಾರೂ ಹೇಳಲಿಲ್ಲ, ಎರಡು ಬೆಳೆ ಕಳೆದುಕೊಂಡು ಕಲಿತೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಡುವುದಿಲ್ಲ. ಒಂದು ಜೋರು ಮಳೆ ಬಂದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅದಕ್ಕೇ ಎರೆಯಲ್ಲಿ ಮಡಿ ನೆಲದಿಂದ ಒಂದು ಅಡಿ ಎತ್ತರ ಇರಬೇಕು. ಮಸಾರಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಅಲ್ಲಿ ಮಡಿ ದಾರಿಗಿಂತ ನಾಲ್ಕು ಇಂಚು ತಗ್ಗಿರಲಿ.

ಎತ್ತರದ ಮಡಿಗೆ ಎರಡು ಪಾಲು ನಿಮ್ಮದೇ ಮಣ್ಣು, ಒಂದು ಪಾಲು ತಿಪ್ಪೆ ಗೊಬ್ಬರ. ನಾಲ್ಕು ಅಡಿ ಚೌಕದ, ಒಂದು ಅಡಿ ಎತ್ತರದ ಮಡಿಗೆ ಒಟ್ಟು 16 ಘನ ಅಡಿ ಬೇಕು. ಅಂದರೆ ಗೊಬ್ಬರ 15 ಲೀಟರಿನ ಬುಟ್ಟಿಯಲ್ಲಿ ಹತ್ತು. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಊಟಕ್ಕೆ ಕರೆದಂತೆ. ಮಡಿಗೆ ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ.

ಒಂದು ಎಚ್ಚರಿಕೆ. ಒಲೆಯ ಬೂದಿ ಗಿಡಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮಲೆನಾಡಿನ ಹುಳಿ ಮಣ್ಣಿಗೆ ಸರಿ. ನಮ್ಮ ಎರೆಯಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ, ರಸಸಾರ (pH) ಸಾಮಾನ್ಯವಾಗಿ 8ರ ಮೇಲೆ. ಬೂದಿ ಹಾಕಿದರೆ ಇನ್ನೂ ಏರುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದು. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದೇ ಕಾಯಿಲೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಸಿರು ತಿರುಗುತ್ತದೆ.

ಮೊದಲು ನೆಲದ ಮೇಲೆ ಬರೆಯಿರಿ

ಕಾಗದದ ಮೇಲೆ ನಕ್ಷೆ ಬರೆಯುವುದು ನನಗೆ ಆಗಿಬರಲಿಲ್ಲ. ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ ರಂಗೋಲಿ ಪುಡಿ ಹಿಡಿದು ಹಿತ್ತಲಲ್ಲೇ ಗೆರೆ ಎಳೆದರು. ಹತ್ತು ನಿಮಿಷದ ಕೆಲಸ. ಅಳಿಸಿ ಮತ್ತೆ ಎಳೆಯಬಹುದು, ಮಾಳಿಗೆ ಹತ್ತಿ ನೋಡಬಹುದು, ಗೆರೆಗಳ ನಡುವೆ ಕೊಡ ಹಿಡಿದು ನಡೆದೂ ನೋಡಬಹುದು. ಈ ನಡೆದು ನೋಡುವುದು ಮುಖ್ಯ. ನಾನು ಎಳೆದ ಮೊದಲ ದಾರಿಯಲ್ಲಿ ಬಕೆಟ್ ಹಿಡಿದು ತಿರುಗಲು ಜಾಗವೇ ಇರಲಿಲ್ಲ.

ಹದಿಮೂರು ಅಡಿ ಚೌಕ ಜಾಗ ಸಿಕ್ಕರೆ ಹೀಗೆ ಮಾಡಿ. ನಾಲ್ಕು ಅಡಿ ಚೌಕದ ನಾಲ್ಕು ಮಡಿ. ನಡುವೆ ಕೂಡು ಗುರುತಿನ ಹಾಗೆ ಒಂದೂವರೆ ಅಡಿ ದಾರಿ, ಸುತ್ತಲೂ ಅಷ್ಟೇ ದಾರಿ. ನಾಲ್ಕು ಅಡಿ ಯಾಕೆಂದರೆ, ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ತನಕ ಮುಟ್ಟುತ್ತದೆ. ಮಡಿಯೊಳಗೆ ಕಾಲಿಡಲೇಬಾರದು, ಎರೆ ಮಣ್ಣು ತುಳಿದರೆ ಇಟ್ಟಿಗೆ. ದಾರಿಗಳು ಕೂಡುವ ನಡುವೆ ತುಳಸಿ ಕಟ್ಟೆ ಬರಲಿ. ಮನೆಯಲ್ಲಿ ಮೊದಲೇ ಕಟ್ಟೆ ಇದ್ದರೆ ಇನ್ನೂ ಒಳ್ಳೆಯದು, ಅದನ್ನೇ ನಡುವಿನ ಚುಕ್ಕಿ ಮಾಡಿ ಸುತ್ತ ಮಡಿ ಹಾಕಿ. ಕಟ್ಟೆಗೆ ಜಾಗ ಬಿಡಲು ಮಡಿಗಳ ಒಳಮೂಲೆ ಸ್ವಲ್ಪ ಕತ್ತರಿಸಿದರಾಯಿತು, ನೋಡಲೂ ಅದೇ ಚಂದ. ಜಾಗ ಇಲ್ಲದವರು ಕಂಪೌಂಡಿಗೆ ಹೊಂದಿಕೊಂಡು ಎರಡು ಅಡಿ ಅಗಲದ ಪಟ್ಟಿ ಮಾಡಿ. ಗೋಡೆ ಕಡೆಯಿಂದ ಕೈ ಹಾಕಲಾಗದು, ಹಾಗಾಗಿ ಎರಡಕ್ಕಿಂತ ಜಾಸ್ತಿ ಬೇಡ.

ಪಡುವಣ ಬಿಸಿಲು ನಮ್ಮಲ್ಲಿ ದೊಡ್ಡ ವೈರಿ. ಆ ಬದಿಗೆ ಆರು ಅಡಿ ಎತ್ತರದ ಹಂದರ ಹಾಕಿ ಹೀರೇಕಾಯಿ, ಬಸಳೆ ಹಬ್ಬಿಸಿ. ಕೆಂಪು ದಂಟಿನ ಬಸಳೆ ಸಿಕ್ಕರೆ ಬಿಡಬೇಡಿ. ಮಧ್ಯಾಹ್ನ ಮೂರರ ಮೇಲೆ ಹಂದರದ ನೆರಳು ಮಡಿಗಳ ಮೇಲೆ ಬೀಳುತ್ತದೆ. ಕರಿಬೇವು, ನುಗ್ಗೆ ಮರವಾಗುವ ಜಾತಿ, ಚೌಕದಿಂದ ದೂರ ಉತ್ತರದ ಮೂಲೆಗಿರಲಿ. ಪುದೀನವನ್ನು ಮಾತ್ರ ಕುಂಡದಲ್ಲೇ ಇಡಿ. ನೆಲಕ್ಕೆ ಬಿಟ್ಟರೆ ಮಡಿಯೆಲ್ಲ ಅದರದೇ.

ಅಂಚು ಸರಿಯಿದ್ದರೆ ಅರ್ಧ ಅಂದ ಬಂತು

ಒಳಗೆ ಗಿಡ ಇನ್ನೂ ಚಿಕ್ಕದಿದ್ದರೂ, ಕಿತ್ತು ಖಾಲಿಯಾಗಿದ್ದರೂ, ಅಂಚು ನೇರ ಇದ್ದರೆ ತೋಟ ತೋಟದ ಹಾಗೇ ಕಾಣುತ್ತದೆ. ಮಡಿಯ ಗೋಡೆಗೆ ಹೊಲದ ಬದುವಿನ ಕಲ್ಲು ಸಾಕು. ದಾರಿಗೆ ಉಳಿದ ಶಹಾಬಾದ್ ಕಲ್ಲು ಹಾಕಬಹುದು, ಆದರೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಹೋದರೆ ಕುಣಿಯಬೇಕಾಗುತ್ತದೆ. ನನಗೆ ಹಿಡಿಸಿದ್ದು ಹಳ್ಳದ ಉಸುಕು. ಕೊಪ್ಪಳ, ಗದಗದ ಕಡೆ ಎರೆ ಹೊಲದ ಮೇಲೆ ಉಸುಕು ಹರಡುವ ರೂಢಿ ಇದೆ. ಮಳೆ ನೀರು ಇಂಗುತ್ತದೆ, ಬಿರುಕು ಕಡಿಮೆ, ಹಸಿ ಬೇಗ ಆರದು. ದಾರಿಗೆ ಮೂರು ಇಂಚು ಉಸುಕು ಹಾಕಿದರೆ ಮಳೆಗಾಲದಲ್ಲಿ ಚಪ್ಪಲಿಗೆ ಎರೆ ಮೆತ್ತಿಕೊಳ್ಳುವ ಕಾಟವೂ ತಪ್ಪುತ್ತದೆ.

ಗಿಡದ ಅಂಚಿಗೆ ನನ್ನ ಆಯ್ಕೆ ಉಳ್ಳಾಗಡ್ಡಿ. ಬುಟ್ಟಿಯ ತಳದಲ್ಲಿ ಮೊಳಕೆ ಒಡೆದ ಚಿಕ್ಕ ಗಡ್ಡೆಗಳು ಇರುತ್ತವಲ್ಲ, ಅವನ್ನು ಎಸೆಯಬೇಡಿ. ಮಡಿಯ ಅಂಚಿಗೆ ದಾರ ಕಟ್ಟಿ, ನಾಲ್ಕು ಇಂಚಿಗೆ ಒಂದರಂತೆ ಊರಿ. ಎರಡು ಮೂರು ವಾರಕ್ಕೆ ನೆಟ್ಟಗೆ ನಿಂತ ಹಸಿರು ಬೇಲಿ ಸಿದ್ಧ. ವರ್ಷವಿಡೀ ಉಳಿಯುವ ಅಂಚು ಬೇಕೆಂದರೆ ಕಾಮಕಸ್ತೂರಿ. ತುದಿ ಚಿವುಟುತ್ತಾ ಇದ್ದರೆ ಒಂದು ಅಡಿಗೆ ಗುಂಡಗೆ ನಿಲ್ಲುತ್ತದೆ. ನಾಲ್ಕು ಹೊರಮೂಲೆಗೆ ಒಂದೊಂದು ಮಜ್ಜಿಗೆ ಹುಲ್ಲಿನ ಬುಡ ಇಡಿ. ಅದು ಮೂರು ಅಡಿ ಎತ್ತರ ಬರುವುದರಿಂದ ಅಂಚಿಗೆ ಬೇಡ, ಮೂಲೆಗೇ ಸರಿ.

ನಾಲ್ಕು ಮಡಿಗೆ ಏನೇನು

ತಪ್ಪಲಿನ ಮಡಿ. ನಮ್ಮ ಕಡೆ ಸೊಪ್ಪಿಗೆ ಪಲ್ಯ, ತಪ್ಪಲು ಎಂದೇ ಹೆಸರು. ಇಲ್ಲಿ ಬೀಜ ಎರಚಬೇಡಿ. ಮೂಲೆಯಿಂದ ಮೂಲೆಗೆ ಓರೆ ಗೆರೆ ಎಳೆದು ಎಂಟು ಇಂಚಿನ ಪಟ್ಟಿ ಮಾಡಿ. ಒಂದು ಪಟ್ಟಿ ಕೆಂಪು ರಾಜಗಿರಿ, ಪಕ್ಕಕ್ಕೆ ಮೆಂತ್ಯ, ಆಮೇಲೆ ನವಿರು ಎಲೆಯ ಸಬ್ಬಸಗಿ, ಮತ್ತೆ ಕೆಂಪು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅರುಣಿಮಾ ಒಳ್ಳೆಯ ಕೆಂಪು ತಳಿ, ಕೊಯ್ದಷ್ಟೂ ಚಿಗುರುತ್ತದೆ. ರಾಜಗಿರಿ ಬೀಜ ಸಾಸಿವೆಗಿಂತ ಸಣ್ಣ, ಒಂದು ಚಮಚ ಬೀಜಕ್ಕೆ ಒಂದು ಹಿಡಿ ಉಸುಕು ಕಲಸಿ ಬಿತ್ತಿ. ಇರುವೆ ಹೊತ್ತೊಯ್ಯುತ್ತದೆ, ಅದಕ್ಕೆ ಮಡಿಯ ಹೊರಗೆ ಒಂದು ಹಿಡಿ ನುಚ್ಚು ಚೆಲ್ಲಿ. ಸುಲಭದ ಊಟ ಸಿಕ್ಕರೆ ಅದು ಬೀಜದ ತಂಟೆಗೆ ಬರುವುದು ಕಡಿಮೆ. ಕೊತ್ತಂಬರಿ ಕಾಳನ್ನು ಒಡೆದು ಎರಡು ಹೋಳು ಮಾಡಿ ಬಿತ್ತಿ. ಮೊಳೆಯಲು ಎಂಟು ಹತ್ತು ದಿನ ಬೇಕು, ಮೂರನೇ ದಿನಕ್ಕೇ ಕೆದಕಿ ನೋಡಬೇಡಿ.

ಮುಳಗಾಯಿ ಮಡಿ. ನಾಲ್ಕೇ ಗಿಡ, ಎರಡು ಅಡಿಗೆ ಒಂದರಂತೆ, ಅಂಚಿನಿಂದ ಒಂದು ಅಡಿ ಒಳಗೆ. ನೇರಳೆ, ಬಿಳಿ, ಹಸಿರು ಗೀರಿನದು ಹೀಗೆ ಬೇರೆ ಬೇರೆ ಬಣ್ಣ ಇರಲಿ. ಮೊದಲ 40 ದಿನ ನಡುವೆ ಜಾಗ ಖಾಲಿ ಕಾಣುತ್ತದೆ. ಅಲ್ಲಿ ಮೂಲಂಗಿ ಹಾಕಿ. ಗಿಡ ಹರಡುವಷ್ಟರಲ್ಲಿ ಮೂಲಂಗಿ ತಟ್ಟೆಗೆ ಬಂದಿರುತ್ತದೆ.

ಮುಳಗಾಯಿ ಮಡಿಯ ಎದುರು ಮೂಲೆಗೆ ಟೊಮೆಟೊ ಮಡಿ. ಸುತ್ತ ಚೆಂಡು ಹೂವು. ಇದು ಅಲಂಕಾರಕ್ಕಷ್ಟೇ ಅಲ್ಲ. ಕಾಯಿ ಕೊರೆಯುವ ಹುಳದ ಪತಂಗಕ್ಕೆ ಟೊಮೆಟೊಗಿಂತ ಚೆಂಡು ಹೂವಿನ ಮೊಗ್ಗು ಇಷ್ಟ, ಮೊಟ್ಟೆ ಅಲ್ಲಿಡುತ್ತದೆ. ಹಾಗಾಗಿ ಟೊಮೆಟೊ ಹೂ ಬಿಡುವ ಹೊತ್ತಿಗೆ ಚೆಂಡು ಹೂವು ಮೊಗ್ಗು ಹಿಡಿದಿರಬೇಕು. 25 ದಿನದ ಟೊಮೆಟೊ ಸಸಿ ಜೊತೆ 40ರಿಂದ 45 ದಿನದ ಚೆಂಡು ಸಸಿ ನೆಡಿ. ಊರುಗೋಲಿಗೆ ತೊಗರಿ ಕಟ್ಟಿಗೆ ಸಾಕು.

ನಾಲ್ಕನೆಯದು ನನ್ನ ಪ್ರೀತಿಯ ಮಡಿ, ಚಟ್ನಿ ಮಡಿ. ಹಿಂದಿನ ಸಾಲಿಗೆ ಪುಂಡಿ, ಮುಂದೆ ಅಗಸಿ, ನಡುವೆ ನಾಲ್ಕಾರು ಬೆಂಡೆ. ಪುಂಡಿಯನ್ನು ಮಳೆಗಾಲದಲ್ಲೇ ಹಾಕಿದ್ದರೆ, ಹಗಲು ಕಿರಿದಾಗುತ್ತಾ ಬಂದ ಹಾಗೆ ತಾನೇ ಹೂ ಬಿಡುತ್ತದೆ. ಅಗಸಿಯನ್ನು ಅಕ್ಟೋಬರಿನಲ್ಲಿ ಒತ್ತಾಗಿ ಬಿತ್ತಿ. ಇದರ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರುತ್ತದೆ, ಮರುದಿನ ಹೊಸದು. ಚಹಾ ಕುಡಿಯುತ್ತಾ ನೋಡುವವರಿಗೆ ಮಾತ್ರ ಸಿಗುವ ಹೂ ಅದು. ಒಂದು ಮಡಿಯ ಅಗಸಿಯಲ್ಲಿ ಚಟ್ನಿ ಪುಡಿ ಎಷ್ಟು ಆದೀತು ಅಂತ ಕೇಳಬೇಡಿ. ಒಂದು ಡಬ್ಬಿಯೂ ತುಂಬಲಿಲ್ಲ.

ಹೊರಸುತ್ತಿಗೆ ಕುಸುಬೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ನಮ್ಮ ಓಣಿಯ ಆಡುಗಳು ಅದನ್ನು ನಿಜ ಮಾಡಲೆಂದೇ ಹುಟ್ಟಿವೆ. ಜೋಳದ ಹೊಲಕ್ಕೆ ದನ ನುಗ್ಗದಿರಲಿ ಅಂತ ರೈತರು ಸುತ್ತ ಕುಸುಬೆ ಸಾಲು ಬಿತ್ತುವುದನ್ನು ನೋಡಿರುತ್ತೀರಿ. ಎಳೆಯದಿದ್ದಾಗ ಪಲ್ಯ, ಬಲಿತಾಗ ಮುಳ್ಳುಬೇಲಿ, ಮೇಲೆ ಕಿತ್ತಳೆ ಹೂ. ಗಂಗಾವತಿ, ಆನೆಗೊಂದಿ ಕಡೆಯವರಿಗೆ ಮಂಗಗಳ ಕಾಟ ಬೇರೆ. ಅದಕ್ಕೆ ಕುಸುಬೆ ಉಪಯೋಗವಿಲ್ಲ, ಮೇಲೂ ಬಲೆ ಬೇಕು.

ಬೀಜದ ಚೀಟಿಯ ಮೇಲೆ ತಾರೀಕು ನೋಡದೆ ತರಬೇಡಿ. ಒಮ್ಮೆ ಅಂಗಡಿಯಲ್ಲಿ ಅವಧಿ ಮುಗಿದ ಗಜ್ಜರಿ ಬೀಜ ಕೊಟ್ಟಿದ್ದರು, ಒಂದೂ ಏಳಲಿಲ್ಲ. ಹೈಬ್ರಿಡ್ ತಳಿಯ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರದು. ಪುಂಡಿ, ರಾಜಗಿರಿ, ಅಗಸಿ ಬೀಜ ಊರಲ್ಲಿ ಯಾರ ಮನೆಯಲ್ಲಾದರೂ ಸಿಕ್ಕೇ ಸಿಗುತ್ತದೆ, ಕೇಳಿ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜು, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇವೆ. ಅನುಮಾನ ಬಂದಾಗ ಎಲೆ ಕಿತ್ತುಕೊಂಡು ಹೋಗಿ ತೋರಿಸಲು ನಾಚಿಕೆ ಬೇಡ.

ನೀರಿಗೆ ಮಡಕೆ

ಪ್ರತಿ ಮಡಿಯ ನಡುವೆ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಕುತ್ತಿಗೆ ತನಕ ಹೂಳಿ. ಬಣ್ಣ ಬಳಿದದ್ದು ಬೇಡ. ಕೊಳ್ಳುವಾಗ ನೀರು ತುಂಬಿ ನೋಡಿ, ಸ್ವಲ್ಪ ಹೊತ್ತಿಗೆ ಹೊರಮೈ ಬೆವರಬೇಕು. ಬಾಯಿಗೆ ಮುಚ್ಚಳ ಇಡಿ, ಇಲ್ಲದಿದ್ದರೆ ಸೊಳ್ಳೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ನೀರು ತಾನೇ ಜಿನುಗಿ ಬೇರಿಗೆ ಹೋಗುತ್ತದೆ. ನಲ್ಲಿ ನೀರು ದಿನಾ ಬಾರದ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮುಳಗಾಯಿ, ಟೊಮೆಟೊ, ಬಳ್ಳಿಗಳಿಗೆ ಮಡಕೆ ಸಾಕು. ತಪ್ಪಲಿನ ಮಡಿಗೆ ಮಾತ್ರ ಮೇಲಿನಿಂದ ಝಾರಿ ನೀರು ಬೇಕೇ ಬೇಕು.

ಬೋರಿನ ನೀರು ಸವುಳಾಗಿದ್ದರೆ ಮಡಕೆಯ ರಂಧ್ರ ಎರಡು ವರ್ಷಕ್ಕೆ ಕಟ್ಟಿಕೊಳ್ಳುತ್ತದೆ, ಬದಲಿಸಿ. ಕುಡಿಯುವ ನೀರಿನ ಫಿಲ್ಟರಿನಿಂದ ಬೇಡವೆಂದು ಹೊರಬೀಳುವ ನೀರನ್ನು ಗಿಡಕ್ಕೆ ಬಿಡಬೇಡಿ. ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ. ಬಟ್ಟೆ ತೊಳೆದ ನೀರೂ ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ.

ಮಣ್ಣು ಬರಿದಾಗಿ ಕಾಣಬಾರದು. ಸಿಂಧನೂರು, ಗಂಗಾವತಿ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಉಳಿದ ಕಡೆ ಶೇಂಗಾ ಹೊಟ್ಟು ಇದೆ. ಎರಡು ಇಂಚು ಹೊದಿಸಿ, ಗಿಡದ ಬುಡಕ್ಕೆ ತಾಗದ ಹಾಗೆ.

ಹಲ್ಲು ಉದುರಿದ ಬಾಯಿ ಆಗದಂತೆ

ಇಂಥ ತೋಟದ ನಿಜವಾದ ಕಷ್ಟ ಇದು. ಚಂದ ಕಾಣಲು ಬೆಳೆದದ್ದನ್ನು ಕಿತ್ತು ತಿನ್ನಬೇಕಲ್ಲ. ಮೆಂತ್ಯ ಒಂದು ಪಟ್ಟಿ ಪೂರ್ತಿ ಕಿತ್ತರೆ ಮರುದಿನ ಮಡಿ ಬೋಳು. ಹಾಗಾಗಿ ಒಂದು ಗಿಡ ಬಿಟ್ಟು ಒಂದು ಕೀಳಿ. ರಾಜಗಿರಿ, ಪಾಲಕ್ ಬುಡದಿಂದ ಎರಡು ಇಂಚು ಬಿಟ್ಟು ಕೊಯ್ಯಿರಿ, ಮತ್ತೆ ಬರುತ್ತದೆ. ಎಲ್ಲ ಬೀಜ ಒಂದೇ ದಿನ ಬಿತ್ತದೆ, 15 ದಿನಕ್ಕೊಂದು ಪಟ್ಟಿ ಬಿತ್ತಿ. ನೆರಳಲ್ಲಿ ಒಂದು ಟ್ರೇ ಸಸಿ ಯಾವಾಗಲೂ ತಯಾರಿರಲಿ. ಕಿತ್ತ ಜಾಗಕ್ಕೆ ಅದೇ ಸಂಜೆ ಒಂದು ಸಸಿ ಬರಬೇಕು. ಕಳೆ ಕೀಳುವಾಗ ಹಕ್ಕರಕಿ ಎದ್ದಿದ್ದರೆ ಬಿಡಿ, ರೊಟ್ಟಿಗೆ ಹಸಿಯಾಗಿ ಎಷ್ಟು ರುಚಿ!

ಹೇನು, ಬಿಳಿ ನೊಣ ಕಂಡರೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸಿ. ಬೆಂಡೆ ಎಲೆಯ ನರ ಹಳದಿಯಾದರೆ ಔಷಧಿಯಿಲ್ಲ, ಕಿತ್ತು ದೂರ ಎಸೆಯಿರಿ. ಮುಂದಿನ ಸಲ ಟೊಮೆಟೊ, ಮುಳಗಾಯಿ ಎರಡನ್ನೂ ಪಕ್ಕದ ಮಡಿಗಳಿಗೆ ಸರಿಸಿ. ಎರಡೂ ಒಂದೇ ಕುಟುಂಬ, ಅದೇ ಜಾಗದಲ್ಲಿ ಮತ್ತೆ ಹಾಕಿದರೆ ರೋಗ ಕೂಡಿಕೊಳ್ಳುತ್ತದೆ. ಎದುರುಬದುರು ಮೂಲೆಯಲ್ಲಿ ಇಟ್ಟಿದ್ದು ಇದಕ್ಕೇ. ಅದಲುಬದಲು ಮಾಡಿದರೂ ರಂಗೋಲಿ ಕೆಡದು.

ಬೇಸಿಗೆಯಲ್ಲಿ

ಮಾರ್ಚ್ ಬಂತೆಂದರೆ ಟೊಮೆಟೊ ಹೂ ಉದುರಲು ಶುರು. ಹಟ ಮಾಡಬೇಡಿ, ಕಿತ್ತುಬಿಡಿ. ಎರಡು ಮಡಿ ಮಾತ್ರ ಇಟ್ಟುಕೊಂಡು ಅದರಲ್ಲಿ ಚವಳಿಕಾಯಿ, ರಾಜಗಿರಿ, ಪುಂಡಿ ಹಾಕಿ, ಮೇಲೆ 50 ಪರ್ಸೆಂಟ್ ನೆರಳಿನ ಬಲೆ ಕಟ್ಟಿ. ಉಳಿದೆರಡು ಮಡಿಗೆ ನಮ್ಮ ಬಿಸಿಲನ್ನೇ ಕೆಲಸಕ್ಕೆ ಹಚ್ಚಿ. ಏಪ್ರಿಲ್ ಕೊನೆಯಲ್ಲಿ ಚೆನ್ನಾಗಿ ನೀರು ಹಾಯಿಸಿ, ಕಪ್ಪು ಅಲ್ಲ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಒಳಗೆ ಮಣ್ಣು ಬೆಂದು ಮೇಲ್ಪದರದ ಕಳೆ ಬೀಜ, ಬೇರು ಗಂಟಿನ ಹುಳ ಬಹುಪಾಲು ಸಾಯುತ್ತವೆ. ಮಿರಗದ ಮೊದಲ ಮಳೆ ಬಿದ್ದ ಮರುದಿನ ಹಾಳೆ ತೆಗೆದು, ಆಳಕ್ಕೆ ಅಗೆಯದೆ ಸುಮ್ನೆ ಮೇಲೆ ಮೇಲೆ ಕೆದರಿ ಪುಂಡಿ ಬಿತ್ತಿ. ಗುರೆಳ್ಳಿಗೆ ಜುಲೈ ತನಕ ಕಾಯಬಹುದು.